‘ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇವೆ’ ಎಂದು ಕೆಲಸ ನಿರಾಕರಿಸಿದಾಗ

ಪ್ರಶ್ನೆ: ನನಗೆ 27 ವರ್ಷ. ನಮ್ಮದು ಸುಂಟಿಕೊಪ್ಪದ ಹತ್ತಿರದ ಹಳ್ಳಿ. ಬಿ.ಕಾಂ. ಮುಗಿಸಿ ನಾಲ್ಕು ವರ್ಷದಿಂದ ಕುಶಾಲನಗರದ ಅಂಗಡಿಯೊಂದರ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಹನ್ನೆರಡನೇ ವಯಸ್ಸಿನಲ್ಲಿ ಜೀಪು ಮಗುಚಿ ಬಲಗಾಲು ಮುರಿಯಿತು. ಆ ಕಾಲು ಈಗ ಗಿಡ್ಡವಾಗಿದೆ, ಪಾದ ಮಡಚಲು ಬರುವುದಿಲ್ಲ. ಎತ್ತರದ ಅಟ್ಟೆಯ ಬೂಟು ಹಾಕಿಕೊಂಡು ಕುಂಟುತ್ತಲೇ ಎಲ್ಲ ಕಡೆ ಓಡಾಡುತ್ತೇನೆ. ಅಂಗವೈಕಲ್ಯದ ಪ್ರಮಾಣಪತ್ರದಲ್ಲಿ ಶೇ 35 ಎಂದಿದೆ. ಕಳೆದ ತಿಂಗಳು ದೊಡ್ಡ ಕಾಫಿ ತೋಟದ ಕಚೇರಿಯಲ್ಲಿ ಅಕೌಂಟ್ಸ್ ಸಹಾಯಕನ ಹುದ್ದೆಗೆ ಸಂದರ್ಶನ ಇತ್ತು. ಮನೆ ಹೆಸರು, ಊರು ಎಲ್ಲ ಪ್ರೀತಿಯಿಂದಲೇ ವಿಚಾರಿಸಿದರು. ಆಮೇಲೆ ಕಾಲಿನ ಮಾತು ಬಂತು. ‘ಅರ್ಜಿಯಲ್ಲಿ ಯಾಕೆ ಬರೆದಿಲ್ಲ, ಮುಚ್ಚಿಟ್ಟಿರಲ್ಲ’ ಎಂದರು. ‘ಮಳೆಗಾಲದಲ್ಲಿ ತೋಟದ ದಾರಿ ಜಾರುತ್ತದೆ, ಬಿದ್ದರೆ ನಾಳೆ ನಾವು ಉತ್ತರ ಹೇಳಬೇಕು, ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇವೆ’ ಎಂದರು. ಲೆಕ್ಕದ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಎರಡು ದಿನ ಬಿಟ್ಟು ಹುದ್ದೆ ಭರ್ತಿಯಾಗಿದೆ ಎಂದು ಫೋನ್ ಬಂತು. ಅದೇ ಜಾಹೀರಾತು ಈಗಲೂ ವಾಟ್ಸಾಪ್ ಗುಂಪಿನಲ್ಲಿ ಓಡಾಡುತ್ತಿದೆ. ಅಲ್ಲಿ ನಾನು ಏನು ಹೇಳಬೇಕಿತ್ತು? ಕಾಲಿನ ವಿಷಯ ಮೊದಲೇ ತಿಳಿಸಬೇಕಾಗಿತ್ತೇ? ಶೇ 40 ಇಲ್ಲದವರಿಗೆ ಹಕ್ಕಿಲ್ಲ ಎನ್ನುತ್ತಾರೆ, ನಿಜವೇ? ಈಗ ದೂರು ಕೊಟ್ಟರೆ ಈ ಚಿಕ್ಕ ಜಿಲ್ಲೆಯಲ್ಲಿ ನನ್ನ ಹೆಸರು ಕೆಟ್ಟು, ಬೇರೆ ಕಡೆಯೂ ಕೆಲಸ ಸಿಗದಂತಾಗುವುದಿಲ್ಲವೇ?

ಉತ್ತರ: ಸಂದರ್ಶನದ ಕೊಠಡಿಯಲ್ಲಿ ನಿಮ್ಮ ಬಾಯಿ ಕಟ್ಟಿದ್ದು ಏಕೆಂದು ನಿಮ್ಮ ಪತ್ರ ಓದಿದಾಗಲೇ ಅರ್ಥವಾಗುತ್ತದೆ. ಯಾರಾದರೂ ಒರಟಾಗಿ ‘ಕುಂಟನಿಗೆ ಕೆಲಸ ಇಲ್ಲ’ ಎಂದಿದ್ದರೆ ನೀವು ತಿರುಗಿ ಒಂದು ಮಾತು ಆಡಿರುತ್ತಿದ್ದಿರಿ. ನಿಮಗೆ ಎದುರಾದದ್ದು ಒರಟುತನವಲ್ಲ, ಕಾಳಜಿ. ಕೊಡಗಿನಲ್ಲಿ ಮನೆ ಹೆಸರು ಕೇಳಿದ ಮೇಲೆ ಎದುರಿಗಿದ್ದವರು ಅರ್ಧ ನೆಂಟರೇ ಆಗಿಬಿಡುತ್ತಾರೆ, ನೆಂಟರಂತೆ ಬುದ್ಧಿ ಹೇಳುವವರಿಗೆ ಎದುರು ಮಾತಾಡುವುದು ಇಲ್ಲಿನ ರೂಢಿಯಲ್ಲ. ನಾನು ವಕೀಲಿ ವೃತ್ತಿಯಲ್ಲಿ ನೋಡಿದ ಇಂಥ ಪ್ರಕರಣಗಳಲ್ಲಿ ಅವಮಾನ ಮಾಡಿ ಕಳುಹಿಸಿದವರು ಕಡಿಮೆ. ಬೆನ್ನು ತಟ್ಟಿ, ಕಾಫಿ ಕೊಟ್ಟು, ‘ಮನೆ ಹತ್ತಿರವೇ ಏನಾದರೂ ಕೂತು ಮಾಡುವ ಕೆಲಸ ನೋಡಿಕೊಳ್ಳಿ’ ಎಂದು ಕಳುಹಿಸಿದವರೇ ಹೆಚ್ಚು. ಅವರಲ್ಲಿ ಅನೇಕರು ತಾವು ತಪ್ಪು ಮಾಡಿದ್ದೇವೆಂದು ನಿಜವಾಗಿಯೂ ಭಾವಿಸಿರುವುದಿಲ್ಲ.

ಕಾನೂನು ಅವರ ಭಾವನೆಯನ್ನು ಕೇಳುವುದಿಲ್ಲ ಎಂಬುದು ಮೊದಲು ತಿಳಿಯಬೇಕಾದ ಸಂಗತಿ. 1995ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದು 2017ರ ಏಪ್ರಿಲ್ 19ರಿಂದ ಜಾರಿಯಲ್ಲಿರುವ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016, ತಾರತಮ್ಯ ಎಂದರೆ ಏನೆಂದು ತನ್ನ 2ನೇ ಕಲಮಿನಲ್ಲೇ ವಿವರಿಸುತ್ತದೆ. ಅಂಗವೈಕಲ್ಯದ ಆಧಾರದ ಮೇಲೆ ಮಾಡುವ ಯಾವುದೇ ಭೇದ, ಹೊರಗಿಡುವಿಕೆ ಅಥವಾ ನಿರ್ಬಂಧದ ಉದ್ದೇಶ ಅಥವಾ ಪರಿಣಾಮ ಆ ವ್ಯಕ್ತಿಯ ಸಮಾನ ಹಕ್ಕಿಗೆ ಕುಂದು ತರುವುದಾಗಿದ್ದರೆ ಅದು ತಾರತಮ್ಯ. ‘ಉದ್ದೇಶ ಅಥವಾ ಪರಿಣಾಮ’ ಎಂಬ ಪದಗಳನ್ನು ಗಮನಿಸಿ. ನಿಮ್ಮನ್ನು ಹೊರಗಿಟ್ಟದ್ದು ಸಿಟ್ಟಿನಿಂದಲೋ ಮರುಕದಿಂದಲೋ ಎಂಬುದರಿಂದ ವ್ಯತ್ಯಾಸವಾಗುವುದಿಲ್ಲ; ಕಾಲಿನ ಕಾರಣಕ್ಕೆ ಹೊರಗಿಟ್ಟರೇ ಇಲ್ಲವೇ ಎಂಬುದಷ್ಟೇ ಮುಖ್ಯ. ಹಾಗೆಯೇ, ಕಾಯ್ದೆಯ ಇಂಗ್ಲಿಷ್ ಪಠ್ಯ ರೀಸನೆಬಲ್ ಅಕಾಮಡೇಶನ್ ಎಂದು ಕರೆಯುವ, ನಾನು ಇಲ್ಲಿ ‘ಸೂಕ್ತ ಹೊಂದಾಣಿಕೆ’ ಎಂದು ಬರೆಯುವ ವ್ಯವಸ್ಥೆಯನ್ನು ನಿರಾಕರಿಸುವುದೂ ತಾರತಮ್ಯವೇ ಎಂದು ಅದೇ ವ್ಯಾಖ್ಯೆ ಹೇಳುತ್ತದೆ. ಉದ್ಯೋಗದಾತರ ಮೇಲೆ ವಿಪರೀತ ಹೊರೆ ಹೊರಿಸದೆ, ಒಬ್ಬ ವ್ಯಕ್ತಿ ಇತರರಂತೆ ಕೆಲಸ ಮಾಡಲು ಬೇಕಾದ ಬದಲಾವಣೆ ಮಾಡಿಕೊಡುವುದೇ ಸೂಕ್ತ ಹೊಂದಾಣಿಕೆ.

ಶೇ 40ರ ಮಾತು ಅರ್ಧ ಸತ್ಯ, ಅದರಿಂದ ಮೋಸಹೋದವರು ಬಹಳ. ಶೇ 40 ಮತ್ತು ಅದಕ್ಕಿಂತ ಹೆಚ್ಚಿನ ನ್ಯೂನತೆ ಪ್ರಮಾಣೀಕೃತವಾಗಿರಬೇಕು ಎಂಬ ಷರತ್ತು ಸರ್ಕಾರಿ ಹುದ್ದೆಗಳ ಮೀಸಲಾತಿಯಂಥ ಕೆಲವು ನಿರ್ದಿಷ್ಟ ಸೌಲಭ್ಯಗಳಿಗೆ ಅನ್ವಯಿಸುತ್ತದೆ. ತಾರತಮ್ಯ ಕೂಡದು ಎನ್ನುವ 3ನೇ ಕಲಮು ಶೇಕಡಾವಾರು ಲೆಕ್ಕವನ್ನೇ ಹೇಳುವುದಿಲ್ಲ, ಅದು ‘ಅಂಗವೈಕಲ್ಯವುಳ್ಳ ವ್ಯಕ್ತಿ’ ಎಂದಷ್ಟೇ ಹೇಳುತ್ತದೆ. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ವಿಕಾಸ್ ಕುಮಾರ್ ಪ್ರಕರಣದಲ್ಲಿ ಇದನ್ನೇ ನಿಚ್ಚಳವಾಗಿ ಹೇಳಿತು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ಅಭ್ಯರ್ಥಿಯೊಬ್ಬರಿಗೆ ಕೇಂದ್ರ ಲೋಕಸೇವಾ ಆಯೋಗ ನಾಗರಿಕ ಸೇವಾ ಪರೀಕ್ಷೆಯಲ್ಲಿ ಲಿಪಿಕಾರರನ್ನು, ಎಂದರೆ ಅಭ್ಯರ್ಥಿ ಹೇಳಿದ್ದನ್ನು ಬರೆದುಕೊಡುವವರನ್ನು, ಒದಗಿಸಲು ನಿರಾಕರಿಸಿತ್ತು. ಮೀಸಲಾತಿಗೆ ಇಟ್ಟ ಶೇ 40ರ ಗೆರೆಯನ್ನು ಸೂಕ್ತ ಹೊಂದಾಣಿಕೆಯ ಹಕ್ಕಿಗೆ ಅಡ್ಡ ಇಡುವಂತಿಲ್ಲ ಎಂಬುದು ಆ ತೀರ್ಪಿನ ತಿರುಳು. ನಿಮ್ಮ ಶೇ 35ರ ಪ್ರಮಾಣಪತ್ರ ಮೀಸಲಾತಿ ಕೊಡಿಸದು, ಆದರೆ ನಿಮ್ಮ ಈ ದೂರಿಗೆ ಅದು ಅಡ್ಡಿಯಲ್ಲ.

ಇನ್ನು ಆ ಕಚೇರಿಯವರು ಹೇಳಿದ ಜಾರುವ ದಾರಿಯ ಮಾತಿಗೆ ಬರೋಣ. ಇದನ್ನು ಸುಲಭವಾಗಿ ತಳ್ಳಿಹಾಕಿದರೆ ನಿಮಗೆ ಉಪಕಾರವಾಗುವುದಿಲ್ಲ, ಏಕೆಂದರೆ ನಾಳೆ ನೀವು ದೂರು ಕೊಟ್ಟರೆ ಅವರು ಹಿಡಿಯುವ ಮೊದಲ ಕೊಡೆ ಇದೇ. ನ್ಯಾಯಸಮ್ಮತವಾದ ಒಂದು ಗುರಿಯನ್ನು ಸಾಧಿಸಲು ಅಗತ್ಯವಿರುವಷ್ಟೇ ಪ್ರಮಾಣದ ಕ್ರಮ ಎಂದು ತೋರಿಸಿಕೊಟ್ಟರೆ ಆ ಕೃತ್ಯ ತಾರತಮ್ಯವಾಗದು ಎಂಬ ವಿನಾಯಿತಿ 3ನೇ ಕಲಮಿನಲ್ಲೇ ಇದೆ. ಕಾರ್ಮಿಕರ ಸುರಕ್ಷತೆ ನ್ಯಾಯಸಮ್ಮತ ಗುರಿಯೇ. ಜುಲೈ ತಿಂಗಳಿನಲ್ಲಿ ಭಾಗಮಂಡಲದ ಕಡೆಯ ತೋಟವೊಂದರ ಇಳಿಜಾರಿನಲ್ಲಿ ಎರಡೂ ಕಾಲು ಗಟ್ಟಿ ಇರುವವರೇ ಕೋಲೂರಿಕೊಂಡು ನಡೆಯುತ್ತಾರೆ, ಅದನ್ನು ಇಲ್ಲವೆನ್ನಲಾಗದು. ಆದರೆ ಈ ವಿನಾಯಿತಿ ಬೇಕೆನ್ನುವವರು ಅದನ್ನು ತೋರಿಸಿಕೊಡಬೇಕು, ಬರಿಯ ಬಾಯಿಮಾತು ಸಾಲದು. ತೋರಿಸಿಕೊಡುವುದೆಂದರೆ ಮೂರು ಪ್ರಶ್ನೆಗಳಿಗೆ ಉತ್ತರ ಕೊಡುವುದು. ಅಕೌಂಟ್ಸ್ ಸಹಾಯಕ ನಿಜವಾಗಿಯೂ ತೋಟದೊಳಗೆ ಹೋಗಬೇಕೇ? ಹೋಗಬೇಕಾದರೆ ಯಾವ ಕೆಲಸಕ್ಕೆ, ಎಷ್ಟು ಬಾರಿ? ಆ ಕೆಲಸವನ್ನು ಬೇರೆ ರೀತಿಯಲ್ಲಿ ಮಾಡಿಸಲು ಸಾಧ್ಯವೇ ಎಂದು ಯೋಚಿಸಿದ್ದರೇ?

ತೋಟದ ಕಚೇರಿಗಳ ಕೆಲಸ ಬಲ್ಲವರಿಗೆ ಇದರ ಉತ್ತರ ಗೊತ್ತು. ಬೆಳಿಗ್ಗೆ ಹಾಜರಿ ಹಾಕುವುದು, ಆಳುಗಳನ್ನು ಬ್ಲಾಕುಗಳಿಗೆ ಹಂಚುವುದು, ಅವರ ಹಿಂದೆ ನಡೆಯುವುದು ರೈಟರ್ ಮತ್ತು ಮೇಸ್ತ್ರಿಯ ಪಾಲು. ಕುಯಿಲಿನ ದಿನಗಳಲ್ಲಿ ಸಂಜೆ ಹಣ್ಣು ತೂಗುವಾಗ ಲೆಕ್ಕದವರೂ ನಿಲ್ಲಬೇಕಾಗಬಹುದು, ಆದರೆ ಮೂಟೆ ತೂಗುವುದು ಸಾಮಾನ್ಯವಾಗಿ ಜೀಪೋ ಟ್ರ್ಯಾಕ್ಟರೋ ಬರುವ ಜಾಗದಲ್ಲಿ, ಕೊರಕಲಿನಲ್ಲಲ್ಲ. ಕುಯಿಲು ಬರುವುದೂ ಮಳೆ ನಿಂತ ಮೇಲೆ. ಗೊಬ್ಬರದ ದಾಸ್ತಾನು, ಗೋದಾಮಿನ ಮೂಟೆ, ವಾರದ ಬಟವಾಡೆ, ಭವಿಷ್ಯನಿಧಿ, ಜಿಎಸ್‌ಟಿ ಇವೆಲ್ಲ ಮೇಜಿನ ಮೇಲಿನ ಕೆಲಸ. ತಿಂಗಳಿಗೊಮ್ಮೆ ದೂರದ ಬ್ಲಾಕಿಗೆ ಹೋಗಿ ದಾಸ್ತಾನು ನೋಡಬೇಕೆಂದಿದ್ದರೆ ಜೀಪಿನಲ್ಲಿ ಕರೆದೊಯ್ಯುವುದೋ ಆ ಒಂದು ಕೆಲಸವನ್ನು ರೈಟರಿಗೆ ವಹಿಸಿ ಅವರ ಮೇಜಿನ ಕೆಲಸವೊಂದನ್ನು ನಿಮಗೆ ಕೊಡುವುದೋ ವಿಪರೀತ ಹೊರೆ ಎಂದು ಯಾವ ದೊಡ್ಡ ತೋಟವೂ ವಾದಿಸಿ ಗೆಲ್ಲುವುದು ಕಷ್ಟ. ಇದೇ ಅರ್ಜಿಯನ್ನು ನೀವು ರೈಟರ್ ಹುದ್ದೆಗೆ ಹಾಕಿದ್ದರೆ ನನ್ನ ಉತ್ತರ ಇಷ್ಟು ಗಟ್ಟಿಯಾಗಿರುತ್ತಿರಲಿಲ್ಲ ಎಂಬುದನ್ನೂ ಮುಚ್ಚಿಡುವುದಿಲ್ಲ. ಅಲ್ಲಿಯೂ ಕೇಳದೆ, ಮಾಡಿಸಿ ನೋಡದೆ ತಿರಸ್ಕರಿಸುವಂತಿಲ್ಲ. ಆದರೆ ದಿನವಿಡೀ ಇಳಿಜಾರಿನಲ್ಲಿ ನಡೆಯುವುದೇ ಆ ಹುದ್ದೆಯ ಜೀವಾಳ ಎಂದು ಅವರು ತೋರಿಸಿಕೊಟ್ಟರೆ ನಿಮ್ಮ ವಾದ ಸಪ್ಪೆಯಾಗುತ್ತದೆ.

ಈಗ ನಿಮ್ಮ ಮೊದಲ ಪ್ರಶ್ನೆ: ಅಲ್ಲಿ ಏನು ಹೇಳಬೇಕಿತ್ತು? ಕಾಲಿನ ಬಗ್ಗೆ ಬಂದ ಪ್ರಶ್ನೆಯನ್ನು ಕೆಲಸದ ಬಗೆಗಿನ ಪ್ರಶ್ನೆಯಾಗಿ ತಿರುಗಿಸುವುದೇ ಸಂದರ್ಶನದಲ್ಲಿ ನಿಮ್ಮ ಕೈಯಲ್ಲಿರುವ ದಾರಿ. ‘ಸರ್, ನಡೆಯುವಾಗ ಕುಂಟುತ್ತೇನೆ, ನಿಜ. ಈ ಹುದ್ದೆಯಲ್ಲಿ ದಿನಕ್ಕೆ ಎಷ್ಟು ಹೊತ್ತು ತೋಟದೊಳಗೆ ಓಡಾಡಬೇಕಾಗುತ್ತದೆ, ಯಾವ ಕೆಲಸಕ್ಕೆ ಎಂದು ತಿಳಿಸಿದರೆ ಅದನ್ನು ಹೇಗೆ ಮಾಡುತ್ತೇನೆಂದು ಹೇಳುತ್ತೇನೆ’ ಎಂದು ಕೇಳಿ. ಈ ಮಾತಿನಲ್ಲಿ ಬೇಡಿಕೆ ಇಲ್ಲ, ಸಿಟ್ಟಿಲ್ಲ; ಆದರೆ ಎದುರಿನವರು ಈಗ ಹುದ್ದೆಯನ್ನು ವಿವರಿಸಲೇಬೇಕು. ಅವರು ವಿವರಿಸಿದರೆ ನೀವು ಉತ್ತರಿಸಿ: ‘ಕುಶಾಲನಗರದಲ್ಲಿ ಗೋದಾಮಿನ ದಾಸ್ತಾನು ನಾನೇ ನೋಡುತ್ತಿದ್ದೆ, ನಾಲ್ಕು ವರ್ಷದಲ್ಲಿ ಕಾಲಿನ ಕಾರಣಕ್ಕೆ ಒಂದು ದಿನವೂ ಕೆಲಸ ನಿಂತಿಲ್ಲ’ ಎನ್ನುವ ಬಗೆಯ, ನಡೆದ ಸಂಗತಿಯ ಉತ್ತರ. ‘ನಾನು ಯಾರಿಗೂ ಕಡಿಮೆಯಿಲ್ಲ’ ಎಂಬಂಥ ಮಾತು ಬೇಡ. ಸಂದರ್ಶಕರ ಸಾಲಿನಲ್ಲಿ ನಾನೂ ಕೆಲವು ಸಲ ಕುಳಿತಿದ್ದೇನೆ. ಅಂಥ ಮಾತು ಕೇಳಲು ಚೆನ್ನಾಗಿರುತ್ತದೆ, ಅಂಕ ಹಾಕುವಾಗ ನೆನಪಿಗೆ ಬರುವುದಿಲ್ಲ. ಗೋದಾಮಿನ ಕಥೆ ನೆನಪಿಗೆ ಬರುತ್ತದೆ.

ಅವರು ಮತ್ತೆ ‘ನಿಮ್ಮ ಒಳ್ಳೆಯದಕ್ಕೇ’ ಎಂದರೆ, ಅದನ್ನು ಒಪ್ಪಿಕೊಳ್ಳದೆ, ಜಗಳಕ್ಕೂ ಇಳಿಯದೆ ದಾಖಲಿಸಿ ಬನ್ನಿ. ‘ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ನನ್ನನ್ನು ಲೆಕ್ಕದ ಕೆಲಸಕ್ಕೆ ಪರೀಕ್ಷಿಸಬೇಕೆಂದು ಕೇಳಿಕೊಳ್ಳುತ್ತೇನೆ. ಬೇಕಾದರೆ ಈಗಲೇ ಒಂದು ವಾರದ ಬಟವಾಡೆ ಪಟ್ಟಿ ಕೊಡಿ, ಟ್ಯಾಲಿಯಲ್ಲಿ ಹಾಕಿ ತೋರಿಸುತ್ತೇನೆ.’ ಒಪ್ಪಿದರೆ ಸಂದರ್ಶನ ಸರಿದಾರಿಗೆ ಬಂತು. ಒಪ್ಪದಿದ್ದರೆ ನಿಮ್ಮನ್ನು ಕೆಲಸಕ್ಕೆ ಪರೀಕ್ಷಿಸಲೇ ಇಲ್ಲ ಎಂಬುದು ಅಲ್ಲೇ ಸ್ಪಷ್ಟವಾಯಿತು, ಮುಂದೆ ಪತ್ರ ಬರೆಯುವಾಗ ಅದಕ್ಕಿಂತ ಗಟ್ಟಿಯಾದ ವಾಕ್ಯ ಸಿಗದು. ಮದುವೆ ಆಗಿದೆಯೇ, ಮನೆಯಲ್ಲಿ ಯಾರು ನೋಡಿಕೊಳ್ಳುತ್ತಾರೆ, ಔಷಧ ಏನು ತೆಗೆದುಕೊಳ್ಳುತ್ತೀರಿ ಎಂಬ ಪ್ರಶ್ನೆಗಳು ಬಂದರೆ ‘ಈ ಕೆಲಸಕ್ಕೆ ಅದು ಹೇಗೆ ಸಂಬಂಧ ಎಂದು ತಿಳಿಸಿದರೆ ಉತ್ತರಿಸುತ್ತೇನೆ’ ಎಂದರೆ ಸಾಕು.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಅಂತರ್ಜಾಲದಲ್ಲಿ ಹುಡುಕಿದರೆ ‘ಸಂದರ್ಶನದಲ್ಲಿ ಅಂಗವೈಕಲ್ಯದ ಬಗ್ಗೆ ಕೇಳುವುದೇ ಕಾನೂನುಬಾಹಿರ’ ಎಂಬ ಸಲಹೆ ಧಾರಾಳವಾಗಿ ಸಿಗುತ್ತದೆ. ಅದು ಅಮೆರಿಕದ ಮಾತು. ಅಲ್ಲಿನ 1990ರ ಕಾಯ್ದೆ, ಕೆಲಸ ಕೊಡುತ್ತೇವೆಂದು ಹೇಳುವ ಮೊದಲು ಅಂಗವೈಕಲ್ಯದ ಬಗ್ಗೆ ವಿಚಾರಿಸುವುದನ್ನು ನಿಷೇಧಿಸುತ್ತದೆ. ಹುದ್ದೆಯ ಕೆಲಸ ಮಾಡಬಲ್ಲಿರಾ ಎಂದು ಮಾತ್ರ ಕೇಳಬಹುದು. ಬ್ರಿಟನ್ನಿನ 2010ರ ಕಾಯ್ದೆಯಲ್ಲೂ ಆರೋಗ್ಯದ ಪ್ರಶ್ನೆಗಳಿಗೆ ಅಂಥದೇ ಕಡಿವಾಣ ಇದೆ. ನಮ್ಮ 2016ರ ಕಾಯ್ದೆಯಲ್ಲಿ ಪ್ರಶ್ನೆ ಕೇಳುವುದನ್ನೇ ನೇರವಾಗಿ ನಿಷೇಧಿಸುವ ಕಲಮು ಇಲ್ಲ. ಇರಬೇಕಿತ್ತು ಎಂಬುದು ನನ್ನ ಅಭಿಪ್ರಾಯ, ಆದರೆ ಇಲ್ಲ. ಆದ್ದರಿಂದ ‘ಇದನ್ನು ಕೇಳುವ ಹಕ್ಕು ನಿಮಗಿಲ್ಲ’ ಎಂದು ಮಡಿಕೇರಿಯಲ್ಲಿ ಕುಳಿತು ವಾದಿಸಿದರೆ ಎದುರಿನವರ ವಕೀಲರು ನಿಮ್ಮನ್ನು ಮೊದಲ ಮಾತಿಗೇ ಸೋಲಿಸುತ್ತಾರೆ. ಕೇಳಿದ್ದು ತಪ್ಪು ಎನ್ನುವುದಕ್ಕಿಂತ, ಆ ಉತ್ತರದ ಆಧಾರದ ಮೇಲೆ ಕೆಲಸದ ಪರೀಕ್ಷೆಯನ್ನೇ ಮಾಡದೆ ಕಳುಹಿಸಿದ್ದು ತಪ್ಪು ಎಂದು ಹಿಡಿಯಿರಿ.

ಮುಚ್ಚಿಟ್ಟಿರಿ ಎಂಬ ಆರೋಪವಂತೂ ನಿಲ್ಲುವುದಿಲ್ಲ. ಖಾಸಗಿ ಕೆಲಸದ ಅರ್ಜಿಯಲ್ಲಿ ಅಂಗವೈಕಲ್ಯವನ್ನು ತಾನಾಗಿ ಬರೆಯಬೇಕೆಂಬ ಕರ್ತವ್ಯವನ್ನು ಕಾಯ್ದೆ ನಿಮ್ಮ ಮೇಲೆ ಹೊರಿಸಿಲ್ಲ. ಅರ್ಜಿ ನಮೂನೆಯಲ್ಲಿ ನೇರ ಪ್ರಶ್ನೆ ಇದ್ದು ನೀವು ‘ಇಲ್ಲ’ ಎಂದು ಬರೆದಿದ್ದರೆ ಮಾತು ಬೇರೆ. ಸುಳ್ಳು ಹೇಳಿಕೆ ಎಂಬ ನೆಪ ಮುಂದೆ ಯಾವತ್ತಾದರೂ ನಿಮ್ಮ ಮೇಲೆ ತಿರುಗಬಹುದು. ಮೊದಲೇ ಹೇಳುವುದು ಜಾಣತನವೇ ಎಂಬುದು ಕಾನೂನಿನ ಪ್ರಶ್ನೆಯಲ್ಲ, ಲೆಕ್ಕಾಚಾರದ ಪ್ರಶ್ನೆ. ಸಂದರ್ಶನಕ್ಕೇ ಹೊಂದಾಣಿಕೆ ಬೇಕಾಗಿದ್ದರೆ, ಉದಾಹರಣೆಗೆ ಮೇಲ್ಮಹಡಿಯ ಬದಲು ಕೆಳಗಿನ ಕೊಠಡಿ, ಕಿವಿ ಕೇಳದವರಿಗೆ ಬರಹದ ಪ್ರಶ್ನೆ, ಆಗ ಮೊದಲೇ ಹೇಳಬೇಕು. ನಿಮ್ಮಂತೆ ಏನೂ ಬೇಡವಾಗಿದ್ದವರು ಅನುಭವ ಓದಿ ಕರೆಯಲಿ ಎಂದು ಸುಮ್ಮನಿರುವುದರಲ್ಲಿ ತಪ್ಪಿಲ್ಲ.

ಸಂದರ್ಶನ ಮುಗಿದು ಒಂದು ತಿಂಗಳಾದರೂ ತಡವಾಗಿಲ್ಲ. ಇವತ್ತು ರಾತ್ರಿಯೇ ಕುಳಿತು ನೆನಪಿರುವುದನ್ನೆಲ್ಲ ಬರೆದಿಡಿ: ದಿನಾಂಕ, ಹೊತ್ತು, ಎದುರಿಗೆ ಯಾರು ಯಾರು ಇದ್ದರು, ಯಾರು ಯಾವ ಮಾತು ಆಡಿದರು. ಅವರ ಮಾತನ್ನು ತಿದ್ದಬೇಡಿ, ಅವರು ಕೊಡವ ತಕ್ಕ್‌ನಲ್ಲೋ ಅರೆಭಾಷೆಯಲ್ಲೋ ಆಡಿದ್ದರೆ ಹಾಗೆಯೇ ಬರೆಯಿರಿ. ನೆನಪಿಲ್ಲದ್ದನ್ನು ಊಹಿಸಿ ತುಂಬಬೇಡಿ. ಜೊತೆಗೆ ಹೋಗಿ ಹೊರಗೆ ಕುಳಿತಿದ್ದ ಗೆಳೆಯನೋ ತಮ್ಮನೋ ಇದ್ದರೆ, ನೀವು ಹೊರಬಂದ ಕೂಡಲೇ ಅವರಿಗೆ ಏನು ಹೇಳಿದಿರಿ ಎಂಬುದನ್ನು ಅವರಿಂದಲೂ ಬರೆಸಿ. ಜಾಹೀರಾತು, ಅರ್ಜಿಯ ಪ್ರತಿ, ಸಂದರ್ಶನಕ್ಕೆ ಕರೆದ ಸಂದೇಶ, ಹುದ್ದೆ ತುಂಬಿತೆಂದು ಬಂದ ಕರೆಯ ದಿನಾಂಕ ತೋರಿಸುವ ಫೋನಿನ ಪರದೆ, ಎಲ್ಲವೂ ಒಂದೇ ಕಡೆ ಇರಲಿ. ಹುದ್ದೆ ತುಂಬಿದೆ ಎಂದ ಮೇಲೂ ಹರಿದಾಡುತ್ತಿರುವ ಆ ಜಾಹೀರಾತು ನಿಮ್ಮ ಕೈಯಲ್ಲಿರುವ ಬಲವಾದ ಕಾಗದ, ಆದರೆ ಅದನ್ನು ಕಚೇರಿಯವರೇ ಮತ್ತೆ ಹಾಕಿದರೋ ಯಾರೋ ಹಳೆಯದನ್ನು ಮುಂದಕ್ಕೆ ಕಳುಹಿಸಿದರೋ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಪರಿಚಯದವರೊಬ್ಬರಿಂದ ಅದರಲ್ಲಿರುವ ಸಂಖ್ಯೆಗೆ ಕರೆ ಮಾಡಿಸಿ ‘ಹುದ್ದೆ ಇದೆಯೇ’ ಎಂದು ಕೇಳಿಸಿದರೆ ತಿಳಿಯುತ್ತದೆ. ಮುಂದಿನ ಸಂದರ್ಶನಗಳಿಗೆ ಜೇಬಿನಲ್ಲಿ ಫೋನ್ ಇಟ್ಟು ಗುಟ್ಟಾಗಿ ಧ್ವನಿಮುದ್ರಿಸಲು ಮಾತ್ರ ನಾನು ಸಲಹೆ ಕೊಡುವುದಿಲ್ಲ. ಅದರಿಂದ ಸಿಗುವ ಸಾಕ್ಷ್ಯಕ್ಕಿಂತ, ಗುಟ್ಟಾಗಿ ಮುದ್ರಿಸಿದವನು ಎಂಬ ಹೆಸರು ಬೇಗ ಊರು ಸುತ್ತುತ್ತದೆ.

ಆಮೇಲೆ ತೋಟದ ಆಡಳಿತದ ಮುಖ್ಯಸ್ಥರಿಗೆ ಒಂದು ಪತ್ರ. ಹೆಚ್ಚಿನವರು ಈ ಹೆಜ್ಜೆಯನ್ನು ಬಿಟ್ಟು ನೇರವಾಗಿ ಜಿಲ್ಲಾಧಿಕಾರಿಗೋ ಪತ್ರಿಕೆಗೋ ಬರೆಯುತ್ತಾರೆ, ಅದು ತಪ್ಪು. ಈ ಕಾಯ್ದೆಯಡಿ ರೂಪಿಸಿದ 2017ರ ಕೇಂದ್ರ ನಿಯಮಗಳ 3ನೇ ನಿಯಮದ ಪ್ರಕಾರ 20 ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಖಾಸಗಿ ಸಂಸ್ಥೆಯ ಮುಖ್ಯಸ್ಥರಿಗೆ ತಾರತಮ್ಯದ ದೂರು ಬಂದರೆ ಅವರಿಗೆ ಎರಡೇ ದಾರಿ: ಕಾಯ್ದೆಯ ಪ್ರಕಾರ ಕ್ರಮ ಕೈಗೊಳ್ಳಬೇಕು, ಇಲ್ಲವೇ ತಮ್ಮ ಕ್ರಮ ನ್ಯಾಯಸಮ್ಮತ ಗುರಿಗೆ ತಕ್ಕ ಪ್ರಮಾಣದ್ದು ಹೇಗೆ ಎಂದು ದೂರುದಾರರಿಗೆ ಲಿಖಿತವಾಗಿ ತಿಳಿಸಬೇಕು. ಎಂದರೆ ನಿಮ್ಮ ಒಂದು ಪತ್ರ ‘ಜಾರುವ ದಾರಿ’ಯ ಮಾತನ್ನು ಕಾಗದದ ಮೇಲೆ ತರಿಸುತ್ತದೆ, ತಾರದಿದ್ದರೆ ಅವರ ಮೌನವೇ ದಾಖಲೆಯಾಗುತ್ತದೆ. ಕಚೇರಿಯಲ್ಲಿ ಐದೇ ಮಂದಿ ಇದ್ದಾರೆ ಎಂದು ಅಳುಕಬೇಡಿ. ಲೈನ್ ಮನೆಗಳಲ್ಲಿ, ಎಂದರೆ ತೋಟದ ಸಾಲುಮನೆಗಳಲ್ಲಿ, ಇರುವ ಕಾರ್ಮಿಕರೂ ಅದೇ ಸಂಸ್ಥೆಯಲ್ಲಿ ಕೆಲಸ ಮಾಡುವವರೇ ಆದ್ದರಿಂದ ಎಣಿಕೆಯಲ್ಲಿ ಅವರೂ ಸೇರಬೇಕೆಂಬುದು ನನ್ನ ಓದು. ನಾಲ್ಕೈದು ಜನರ ಹೋಂಸ್ಟೇಯಲ್ಲಿ ಇದೇ ನಡೆದಿದ್ದರೆ ತಾರತಮ್ಯದ ನಿಷೇಧ ಅಲ್ಲಿಗೂ ಇದ್ದೇ ಇದೆ, ಆದರೆ ಲಿಖಿತ ಉತ್ತರ ಕೊಡಿ ಎಂದು ಈ ನಿಯಮವನ್ನು ತೋರಿಸಿ ಕೇಳಲು ಬರುವುದಿಲ್ಲ.

ಪತ್ರ ಒಂದು ಪುಟ ದಾಟಬಾರದು. ಹೀಗಿದ್ದರೆ ಸಾಕು: ‘ಇಂಥ ದಿನಾಂಕದಂದು ತಮ್ಮ ಕಚೇರಿಯಲ್ಲಿ ಅಕೌಂಟ್ಸ್ ಸಹಾಯಕ ಹುದ್ದೆಯ ಸಂದರ್ಶನಕ್ಕೆ ಹಾಜರಾಗಿದ್ದೆ. ನನ್ನ ಬಲಗಾಲಿನ ನ್ಯೂನತೆಯ ಬಗ್ಗೆ ಈ ಕೆಳಗಿನ ಮಾತುಗಳನ್ನು ಆಡಲಾಯಿತು. ಹುದ್ದೆಯ ಕೆಲಸದ ಬಗ್ಗೆ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಎರಡು ದಿನಗಳ ನಂತರ ಹುದ್ದೆ ಭರ್ತಿಯಾಗಿದೆ ಎಂದು ತಿಳಿಸಲಾಯಿತು. ಆದರೆ ಜಾಹೀರಾತು ಇನ್ನೂ ಚಾಲ್ತಿಯಲ್ಲಿದೆ. ನನ್ನನ್ನು ಹುದ್ದೆಯ ಕೆಲಸಕ್ಕೆ ಸಂಬಂಧಿಸಿದಂತೆ ಮರಳಿ ಸಂದರ್ಶಿಸಬೇಕೆಂದು, ಇಲ್ಲವಾದರೆ ನನ್ನನ್ನು ಪರಿಗಣಿಸದಿರಲು ಕಾರಣವನ್ನು 2017ರ ನಿಯಮಗಳ 3ನೇ ನಿಯಮದಂತೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ. ಕಾಯ್ದೆಯ 21ನೇ ಕಲಮಿನಂತೆ ತಮ್ಮ ಸಂಸ್ಥೆ ಪ್ರಕಟಿಸಿರುವ ಸಮಾನ ಅವಕಾಶ ನೀತಿಯ ಪ್ರತಿಯನ್ನೂ ಒದಗಿಸಬೇಕು.’ ಕೊನೆಯ ವಾಕ್ಯ ಪುಟ್ಟದು, ಆದರೆ ನಾಟುತ್ತದೆ. ಸರ್ಕಾರಿಯೇ ಆಗಲಿ ಖಾಸಗಿಯೇ ಆಗಲಿ ಪ್ರತಿ ಸಂಸ್ಥೆಯೂ ಈ ನೀತಿಯನ್ನು ಪ್ರಕಟಿಸಬೇಕು, ಜಾಲತಾಣದಲ್ಲಿ ಹಾಕಬೇಕು ಅಥವಾ ಕಣ್ಣಿಗೆ ಬೀಳುವ ಜಾಗದಲ್ಲಿ ತೂಗುಹಾಕಬೇಕು. 20 ಮಂದಿಗಿಂತ ಕಡಿಮೆಯಿಲ್ಲದ ಸಂಸ್ಥೆಯಾದರೆ ಅಂಗವಿಕಲರಿಗೆ ಸೂಕ್ತವೆಂದು ಗುರುತಿಸಿದ ಹುದ್ದೆಗಳ ಪಟ್ಟಿಯೂ ಆಯ್ಕೆಯ ವಿಧಾನವೂ ಅದರಲ್ಲಿರಬೇಕು. ಇಂಥದ್ದೊಂದು ಇದೆಯೆಂದೇ ತಿಳಿಯದ ಆಡಳಿತಗಳು ಎಷ್ಟೋ. ಪತ್ರವನ್ನು ಅಂಚೆ ಕಚೇರಿಯಿಂದ ಸ್ವೀಕೃತಿಯೊಂದಿಗೆ ಕಳುಹಿಸಿ, ಪ್ರತಿ ಇಟ್ಟುಕೊಳ್ಳಿ, ಉತ್ತರಕ್ಕೆ ಹದಿನೈದು ದಿನ ಕಾಯಿರಿ. ಹದಿನೈದು ದಿನ ಎಂಬುದು ನಿಯಮದಲ್ಲಿಲ್ಲ, ನನ್ನ ಅಂದಾಜು.

ನನ್ನ ಅನುಭವದಲ್ಲಿ ಇಂಥ ಪತ್ರಗಳಲ್ಲಿ ಕೆಲವಕ್ಕೆ ಮಾಲೀಕರಿಂದಲೇ ಫೋನ್ ಬರುತ್ತದೆ. ಮ್ಯಾನೇಜರ್ ಆಡಿದ್ದು ಮಾಲೀಕರಿಗೆ ಗೊತ್ತೇ ಇರುವುದಿಲ್ಲ. ಮತ್ತೆ ಕರೆದರೆ ಹೋಗಿ, ಅಭಿಮಾನ ಅಡ್ಡ ಬರಲು ಬಿಡಬೇಡಿ, ಆದರೆ ‘ದೂರು ಹಿಂದಕ್ಕೆ ತೆಗೆದುಕೊಂಡಿದ್ದೇನೆ’ ಎಂದು ಬರೆದುಕೊಡಿ ಎಂದರೆ ನೇಮಕಾತಿ ಪತ್ರ ಕೈಗೆ ಬರುವವರೆಗೆ ಬರೆಯಬೇಡಿ.

ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನಲ್ಲಿರುವ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ದೂರು. ವಕೀಲರು ಬೇಕೆಂದಿಲ್ಲ, ನಿಮ್ಮ ಟಿಪ್ಪಣಿ, ಪತ್ರ, ಸ್ವೀಕೃತಿ, ಜಾಹೀರಾತು ಲಗತ್ತಿಸಿ ಅಂಚೆಯಲ್ಲಿ ಕಳುಹಿಸಬಹುದು. ತಾರತಮ್ಯದ ದೂರನ್ನು 60 ದಿನಗಳಲ್ಲಿ ಇತ್ಯರ್ಥಪಡಿಸಬೇಕೆಂದು ಅದೇ 3ನೇ ನಿಯಮ ಹೇಳುತ್ತದೆ, ಆದರೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಕೂರಬೇಡಿ. ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ಆಯುಕ್ತರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಆ ಹುದ್ದೆಗೆ ಯಾರನ್ನು, ಯಾವಾಗ ತೆಗೆದುಕೊಂಡರು ಎಂಬ ದಾಖಲೆಯನ್ನು ನೀವು ತರಿಸಲಾಗದು, ಅವರು ತರಿಸಬಲ್ಲರು. ಅದೇ ಈ ದಾರಿಯ ದೊಡ್ಡ ಲಾಭ. ಆದರೆ ಅವರ ನಿರ್ಧಾರ ಶಿಫಾರಸಿನ ರೂಪದಲ್ಲಿರುತ್ತದೆ, ಆ ಹುದ್ದೆಯನ್ನೇ ನಿಮಗೆ ಕೊಡಿಸುತ್ತಾರೆ ಎಂಬ ನಿರೀಕ್ಷೆಯಿಂದ ಹೋಗಬೇಡಿ.

ಬರವಣಿಗೆಗೆ ನೆರವು ಬೇಕಿದ್ದರೆ ಮಡಿಕೇರಿಯಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಅಂಗವೈಕಲ್ಯವುಳ್ಳವರು ಉಚಿತ ಕಾನೂನು ನೆರವಿಗೆ ಅರ್ಹರು. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿದರೂ ದಾರಿ ತೋರಿಸುತ್ತಾರೆ. ಗ್ರಾಮ ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನೂ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಯ ಕಚೇರಿಯನ್ನೂ ನಮ್ಮ ಜನ ಪಿಂಚಣಿ, ಬಸ್ ಪಾಸಿಗೆಂದೇ ಎಣಿಸಿದ್ದಾರೆ. ಇಂಥ ವಿಷಯವನ್ನೂ ಅಲ್ಲಿ ಹೇಳಬಹುದು.

ಪೊಲೀಸ್ ಠಾಣೆಗೆ ಹೋಗಿ ಎನ್ನುವವರು ಸಿಗುತ್ತಾರೆ. ಸಾರ್ವಜನಿಕರ ಕಣ್ಣಿಗೆ ಬೀಳುವ ಸ್ಥಳದಲ್ಲಿ ಅವಮಾನಿಸುವ ಉದ್ದೇಶದಿಂದಲೇ ಅಂಗವಿಕಲರನ್ನು ನಿಂದಿಸಿದರೆ 2016ರ ಕಾಯ್ದೆಯ 92ನೇ ಕಲಮಿನಡಿ ಕನಿಷ್ಠ ಆರು ತಿಂಗಳು, ಗರಿಷ್ಠ ಐದು ವರ್ಷ ಸೆರೆವಾಸ ಇದೆ, ನಿಜ. ಬಾಗಿಲು ಮುಚ್ಚಿದ ಕೊಠಡಿಯಲ್ಲಿ, ಮೃದುವಾದ ದನಿಯಲ್ಲಿ ಆಡಿದ ಮಾತಿಗೆ ಆ ಕಲಮು ಹೊಂದುವುದಿಲ್ಲ. ಕಾಯ್ದೆಯನ್ನು ಉಲ್ಲಂಘಿಸಿದ್ದಕ್ಕೆ ಮೊದಲ ಸಲ 10,000 ರೂಪಾಯಿವರೆಗೆ, ಮರುಕಳಿಸಿದರೆ 50,000ದಿಂದ 5 ಲಕ್ಷದವರೆಗೆ ದಂಡ ವಿಧಿಸುವ 89ನೇ ಕಲಮನ್ನು ದೂರಿನಲ್ಲಿ ನಮೂದಿಸಬಹುದು, ಮಾಲೀಕರಿಗೆ ಬರೆಯುವ ಮೊದಲ ಪತ್ರದಲ್ಲಿ ಬೇಡ. ಬೆದರಿಕೆಯಂತೆ ಓದಿಸಿಕೊಳ್ಳುವ ಪತ್ರ ನೇರವಾಗಿ ಅವರ ವಕೀಲರ ಮೇಜಿಗೆ ಹೋಗುತ್ತದೆ, ಆಮೇಲೆ ಮಾಲೀಕರು ನಿಮಗೆ ಫೋನ್ ಮಾಡುವುದಿಲ್ಲ.

ಹೆಸರು ಕೆಡುವ ಭಯಕ್ಕೆ ನನ್ನ ಬಳಿ ಪೂರ್ತಿ ಸಮಾಧಾನವಿಲ್ಲ. ಗೋಣಿಕೊಪ್ಪದ ಸಂತೆಯಲ್ಲಿ ಆಡಿದ ಮಾತು ಸಂಜೆಗೆ ನಾಪೋಕ್ಲು ಮುಟ್ಟುವ ಜಿಲ್ಲೆ ಇದು, ತೋಟದವರು ತೋಟದವರಿಗೆ ನೆಂಟರು. ಆದರೂ ಎರಡು ಸಂಗತಿ ಗಮನಿಸಿ. ಮುಖ್ಯಸ್ಥರಿಗೆ ಬರೆದ ಖಾಸಗಿ ಪತ್ರ ಅವರಿಗೂ ನಿಮಗೂ ಮಾತ್ರ ಗೊತ್ತಿರುವಂಥದ್ದು, ಅದನ್ನು ಊರಿಗೆ ಹೇಳಿಕೊಂಡು ತಿರುಗುವುದರಿಂದ ಅವರಿಗೂ ಲಾಭವಿಲ್ಲ. ಆಯುಕ್ತರ ದೂರು ಹಾಗಲ್ಲ, ಅದು ತಿಳಿಯುತ್ತದೆ. ಆದ್ದರಿಂದ ಎರಡನ್ನೂ ಒಟ್ಟಿಗೆ ತೂಗಬೇಡಿ. ಮೊದಲ ಪತ್ರವನ್ನು ಖಂಡಿತ ಬರೆಯಿರಿ ಎನ್ನುತ್ತೇನೆ. ಎರಡನೆಯದನ್ನು ಈಗಿನ ಕೆಲಸ ಕೈಯಲ್ಲಿ ಇದೆಯೇ, ಮನೆಯವರು ಜೊತೆಗಿದ್ದಾರೆಯೇ ಎಂದು ನೋಡಿಕೊಂಡು ನೀವೇ ನಿರ್ಧರಿಸಿ. ಬೇಡವೆಂದರೆ ಅದು ಹೇಡಿತನವಲ್ಲ. ಯಾವುದೇ ಕಾರಣಕ್ಕೂ ಸಂಸ್ಥೆಯ ಹೆಸರು ಹಾಕಿ ವಾಟ್ಸಾಪಿನಲ್ಲೋ ಫೇಸ್‌ಬುಕ್ಕಿನಲ್ಲೋ ಬರೆಯಬೇಡಿ. ಸತ್ಯವನ್ನೇ ಬರೆದಿದ್ದರೂ ಮಾನನಷ್ಟದ ನೋಟಿಸ್ ಬಂದರೆ, ದೂರುದಾರರಾಗಿದ್ದ ನೀವು ಉತ್ತರ ಕೊಡುವವರ ಸ್ಥಾನಕ್ಕೆ ಹೋಗುತ್ತೀರಿ.

ಇದೇ ಅನುಭವ ಸರ್ಕಾರಿ ಕಚೇರಿಯಲ್ಲಿ ಆಗಿದ್ದರೆ ದಾರಿ ಬೇರೆ, ಇನ್ನೂ ಸುಗಮ. ಅಲ್ಲಿ ಉದ್ಯೋಗದ ತಾರತಮ್ಯವನ್ನು 20ನೇ ಕಲಮು ನೇರವಾಗಿ ನಿಷೇಧಿಸುತ್ತದೆ, ಕುಂದುಕೊರತೆ ನಿವಾರಣಾ ಅಧಿಕಾರಿ ಇರಬೇಕು, ದೂರನ್ನು ಎರಡು ವಾರಗಳಲ್ಲಿ ವಿಚಾರಿಸಬೇಕು, ಸಂದರ್ಶನದ ಅಂಕಪಟ್ಟಿಯನ್ನು ಮಾಹಿತಿ ಹಕ್ಕಿನಡಿ ಕೇಳಬಹುದು. ರಾಷ್ಟ್ರೀಕೃತ ಬ್ಯಾಂಕಿನಂಥ ಕೇಂದ್ರದ ಸಂಸ್ಥೆಯಾದರೆ ದೂರು ರಾಜ್ಯ ಆಯುಕ್ತರಿಗಲ್ಲ, ದೆಹಲಿಯ ಮುಖ್ಯ ಆಯುಕ್ತರಿಗೆ.

ಪತ್ರದ ಕರಡು ಬರೆದ ಮೇಲೆ ಒಂದು ದಿನ ಬಿಟ್ಟು ಮತ್ತೆ ಓದಿ, ಸಿಟ್ಟಿನ ಪದಗಳಿದ್ದರೆ ಹೊಡೆದುಹಾಕಿ. ಅವರು ಆಡಿದ ಮಾತುಗಳನ್ನು ಮಾತ್ರ ಹೊಡೆಯಬೇಡಿ. ‘ನಿಮ್ಮ ಒಳ್ಳೆಯದಕ್ಕೇ’ ಎಂಬುದೂ ಉದ್ಧರಣ ಚಿಹ್ನೆಯೊಳಗೆ, ಅವರು ಹೇಳಿದಂತೆಯೇ ಇರಲಿ.